ಪೆಡಲ್ ಒತ್ತಿದರೂ ಪಿಕಪ್ ಎಳೆಯುತ್ತಿಲ್ಲ, ಯಾರಿಗಾದರೂ ಹೀಗಾಗಿದೆಯಾ?

ಕೇಳಿದ್ದು: ಕಾರವಾರ, ಮೀನು ಗಾಡಿ

ನನ್ನದು ಬಿಎಸ್6 ಡೀಸೆಲ್ ಪಿಕಪ್. ಬೈತಕೋಲ ಬಂದರಿನಿಂದ ಹುಬ್ಬಳ್ಳಿಗೆ ಮೀನು ಒಯ್ಯುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟ್ ಬಂದ್ ಅಲ್ವಾ, ಆ ಎರಡು ತಿಂಗಳು ಗಾಡಿ ಮನೆ ಹಿಂದೆ ಮಾವಿನ ಮರದ ಕೆಳಗೆ ನಿಂತೇ ಇತ್ತು. ಆಗಸ್ಟ್‌ನಲ್ಲಿ ಲೋಡು ಶುರುವಾದ ಮೂರನೇ ದಿನವೇ ಅರಬೈಲ್ ಘಟ್ಟದಲ್ಲಿ ಕೈಕೊಟ್ಟಿತು. ಇಂಜಿನ್ ಲೈಟ್ ಹತ್ತಿತು. ಪೆಡಲ್ ತಳ ಮುಟ್ಟಿದರೂ ಆರ್‌ಪಿಎಂ 1200ರ ಮೇಲೆ ಏರಲಿಲ್ಲ. ಹಿಂದೆ ಲಾರಿಗಳ ಹಾರ್ನ್, ಟ್ರೇಯಲ್ಲಿ ಬಂಗಡೆ, ಮೇಲೆ ಮಳೆ. ಬದಿಗೆ ಹಾಕಿ, ಚಾವಿ ತೆಗೆದು, ಐದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಓಡಿತು.

ಗ್ಯಾರೇಜಿನಲ್ಲಿ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದರು. ಪಿ2138 ಕೋಡ್ ಬಂತು. "ಎಕ್ಸಲರೇಟರ್ ಪೆಡಲ್ ಹೋಗಿದೆ" ಅಂತ ಹೊಸ ಪೆಡಲ್ ಹಾಕಿದರು. ಹನ್ನೆರಡು ದಿನ ಸರಿ ಇತ್ತು. ಮತ್ತೆ ಅದೇ ಘಟ್ಟ, ಅದೇ ಕೋಡ್. ಈಗ ಇಸಿಎಂ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರನ್ನೇ ಬದಲಿಸಬೇಕು ಅನ್ನುತ್ತಿದ್ದಾರೆ. ಅದರ ರೇಟು ಕೇಳಿದ ರಾತ್ರಿ ನಿದ್ದೆ ಬರಲಿಲ್ಲ. ಅನುಭವ ಇದ್ದವರು ಹೇಳಿ.

ಅಂಕೋಲಾ, ಆಟೋ ಎಲೆಕ್ಟ್ರಿಷಿಯನ್

ಇಸಿಎಂಗೆ ಈಗಲೇ ಕೈ ಹಾಕಬೇಡಿ ಮಾರಾಯ್ರೆ. ಈ ಕೋಡ್ ಹೊತ್ತು ಬಂದ ಗಾಡಿಗಳಲ್ಲಿ ನಿಜವಾಗಿ ಇಸಿಎಂ ಸತ್ತಿದ್ದನ್ನು ನಾನು ನೋಡಿದ್ದು ಒಂದೋ ಎರಡೋ.

ಹಳೆ ಗಾಡಿಗಳಲ್ಲಿ ಪೆಡಲ್‌ಗೆ ಕೇಬಲ್ ಇತ್ತು. ಒತ್ತಿದರೆ ಎಳೆಯುತ್ತಿತ್ತು, ಕಥೆ ಮುಗಿಯಿತು. ಈಗ ಪೆಡಲ್ ಬುಡದಲ್ಲಿ ಎರಡು ಸೆನ್ಸರ್ ಇವೆ. ಎರಡೂ ಒಂದೇ ಕಾಲಿನ ಸುದ್ದಿಯನ್ನು ಬೇರೆ ಬೇರೆ ತಂತಿಯಲ್ಲಿ ಇಸಿಎಂಗೆ ಮುಟ್ಟಿಸುತ್ತವೆ. ಎಷ್ಟೋ ಗಾಡಿಗಳಲ್ಲಿ ಒಂದರ ವೋಲ್ಟೇಜ್ ಇನ್ನೊಂದರ ಅರ್ಧ. ಕಾಲು ತೆಗೆದಾಗ ಒಂದು 0.75, ಇನ್ನೊಂದು 0.37ರ ಆಸುಪಾಸು. ಪೂರ್ತಿ ಒತ್ತಿದಾಗ ಒಂದು 3.8, ಇನ್ನೊಂದು 1.9. ನಡುವೆ ಎಲ್ಲಿ ನಿಲ್ಲಿಸಿದರೂ ಅರ್ಧದ ಲೆಕ್ಕ ತಪ್ಪಬಾರದು. ತಪ್ಪಿದರೆ ಯಾವ ಸೆನ್ಸರ್ ಸುಳ್ಳು ಹೇಳುತ್ತಿದೆ ಅಂತ ಇಸಿಎಂಗೆ ತಿಳಿಯುವುದಿಲ್ಲ. ಎರಡನ್ನೂ ನಂಬುವುದು ಬಿಟ್ಟು ಇಂಜಿನ್ನನ್ನು ನಿಧಾನ ಓಟಕ್ಕೆ ಇಳಿಸುತ್ತದೆ. ನೀವು ಘಟ್ಟದಲ್ಲಿ ಕಂಡಿದ್ದು ಅದೇ. ಗಾಡಿ ತನ್ನಷ್ಟಕ್ಕೆ ಓಡುವುದಕ್ಕಿಂತ ತೆವಳುವುದು ವಾಸಿ ಅಂತ ಹಾಗೆ ಮಾಡಿಟ್ಟಿದ್ದಾರೆ.

ಹಾಗಾಗಿ ಪಿ2138 ಅಂದರೆ ಪೆಡಲ್ ಹೋಗಿದೆ ಅಂತಲ್ಲ. ಎರಡು ಸೆನ್ಸರ್‌ಗಳ ಲೆಕ್ಕ ತಾಳೆ ಆಗುತ್ತಿಲ್ಲ ಅಂತ. ತಪ್ಪು ಪೆಡಲ್‌ನಲ್ಲಿರಬಹುದು, ಕನೆಕ್ಟರ್‌ನಲ್ಲಿರಬಹುದು, ದಾರಿಯ ತಂತಿಯಲ್ಲಿರಬಹುದು. ಪಿ2122, ಪಿ2123, ಪಿ2127, ಪಿ2128 ಬಂದರೂ ಇದೇ ಮಾತು. ಅವು ಯಾವ ಸೆನ್ಸರಿನ ವೋಲ್ಟೇಜ್ ಕಡಿಮೆ, ಯಾವುದರದ್ದು ಜಾಸ್ತಿ ಅಂತ ಹೇಳುತ್ತವೆ. ಯಾಕೆ ಅಂತ ಹೇಳುವುದಿಲ್ಲ. ಆ 'ಯಾಕೆ' ಹುಡುಕುವುದಕ್ಕೇ ನಮಗೆ ಕೂಲಿ ಕೊಡುವುದು. ಕೋಡ್ ನೋಡಿದ ಕೂಡಲೇ ಸಾಮಾನು ತರಿಸುವುದಾದರೆ ಅಂಗಡಿಯವರೇ ಸಾಕಲ್ಲ.

ಹನ್ನೆರಡು ದಿನ ಸರಿ ಇತ್ತು ಅಂದಿರಲ್ಲ, ನನಗೆ ಸುಳಿವು ಸಿಕ್ಕಿದ್ದೇ ಅಲ್ಲಿ. ಪೆಡಲ್ ಬದಲಿಸುವಾಗ ಕನೆಕ್ಟರ್ ಕಳಚಿ ಮತ್ತೆ ಚುಚ್ಚುತ್ತಾರೆ. ಒಳಗಿನ ಪಿನ್ನುಗಳು ಒಂದಕ್ಕೊಂದು ಉಜ್ಜಿಕೊಳ್ಳುತ್ತವೆ, ತಂತಿಯೂ ಅಲುಗುತ್ತದೆ. ಕಿಲುಬು ಇದ್ದರೆ ಅಷ್ಟು ದಿನದ ಮಟ್ಟಿಗೆ ಸರಿಹೋಗುತ್ತದೆ. ನಿಮ್ಮದು ಮೀನು ಗಾಡಿ, ಊರು ಕಾರವಾರ. ಉಪ್ಪುಗಾಳಿ ಸಾಲದು ಅಂತ ಐಸ್ ನೀರೂ ಉಪ್ಪೇ. ಕಿಲುಬಿಗೆ ಇನ್ನೇನು ಬೇಕು?

ಯಾರಾದರೂ ತಾಳ್ಮೆ ಇರುವ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ ಹೀಗೆ ಮಾಡಿಸಿ. ಬ್ಯಾಟರಿ ಟರ್ಮಿನಲ್ ಮೊದಲೇ ಕಳಚಲು ಬಿಡಬೇಡಿ. ಕೋಡ್ ಬಂದ ಗಳಿಗೆಯಲ್ಲಿ ವೇಗ ಎಷ್ಟು, ಇಂಜಿನ್ ಬಿಸಿ ಎಷ್ಟು, ವೋಲ್ಟೇಜ್ ಎಷ್ಟು ಅಂತ ಇಸಿಎಂ ಬರೆದಿಟ್ಟುಕೊಂಡಿರುತ್ತದೆ. ಅದನ್ನು ಓದಿ ಬರೆದುಕೊಂಡ ಮೇಲೆ ಬೇಕಾದರೆ ಅಳಿಸಿ. ಆಮೇಲೆ ಚಾವಿ ಆನ್, ಇಂಜಿನ್ ಬಂದ್. ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಎರಡೂ ಪೆಡಲ್ ಸೆನ್ಸರ್ ಇಟ್ಟುಕೊಂಡು, ಪೆಡಲ್ಲನ್ನು ಹತ್ತು ಸೆಕೆಂಡು ಹಿಡಿಯುವಷ್ಟು ನಿಧಾನ ಒತ್ತಿ, ಅಷ್ಟೇ ನಿಧಾನ ಬಿಡಿ. ಎರಡೂ ಗೆರೆ ನುಣ್ಣಗೆ ಏರಿ ಇಳಿಯಬೇಕು. ನಡುವೆ ಒಂದು ಕಡೆ ಹಾರಿದರೆ, ಅದೂ ಪ್ರತಿ ಸಲ ಅದೇ ಜಾಗದಲ್ಲಿ ಹಾರಿದರೆ, ಪೆಡಲ್ ಸವೆದಿದೆ. ಕಾಲು ಅಲುಗಿಸದೆ ತಂತಿ ಅಲುಗಿಸಿದಾಗ ಹಾರಿದರೆ ಪೆಡಲ್ ನಿರಪರಾಧಿ.

ಮುಂದೆ ಮಲ್ಟಿಮೀಟರ್. ಕನೆಕ್ಟರ್ ಹಾಕಿಟ್ಟೇ ಅದರ ಹಿಂಬದಿಯಿಂದ ತೆಳು ಪಿನ್ ತೂರಿಸಿ ನೋಡಬೇಕು. ತಂತಿಯ ಪ್ಲಾಸ್ಟಿಕ್ ಚುಚ್ಚಿ ನೋಡುವವರನ್ನು ಗಾಡಿ ಹತ್ತಿರ ಬಿಡಬೇಡಿ. ನಮ್ಮ ಕರಾವಳಿಯಲ್ಲಿ ಆ ತೂತಿನಿಂದಲೇ ಒಳಗೆ ಹಸಿರು ಹಿಡಿಯುತ್ತದೆ. ಸಾಮಾನ್ಯವಾಗಿ ಆರು ತಂತಿ: ಎರಡು 5 ವೋಲ್ಟ್, ಎರಡು ಅರ್ಥ್, ಎರಡು ಸಿಗ್ನಲ್. ಅರ್ಥ್ ಪಿನ್ನಿಗೂ ಬ್ಯಾಟರಿ ಮೈನಸ್ಸಿಗೂ ನಡುವೆ ಹಿಡಿದರೆ ಮೀಟರ್ ಹತ್ತಿರ ಹತ್ತಿರ ಸೊನ್ನೆ ತೋರಿಸಬೇಕು. 0.05ಕ್ಕಿಂತ ಜಾಸ್ತಿ ಬಂದರೆ ಆ ದಾರಿಯಲ್ಲೇ ಹುಡುಕಿ. ಅರ್ಥ್ ಕೆಟ್ಟರೆ ಸಿಗ್ನಲ್ ಮೇಲೇರುತ್ತದೆ, 5 ವೋಲ್ಟ್ ಕಡೆ ಕೆಟ್ಟರೆ ಕೆಳಗಿಳಿಯುತ್ತದೆ.

5 ವೋಲ್ಟೇ ಬರುತ್ತಿಲ್ಲ ಅಂದರೆ? ಆಗಲೂ ಇಸಿಎಂ ಅನ್ನಬೇಡಿ. ಕೆಲವು ಗಾಡಿಗಳಲ್ಲಿ ಆ 5 ವೋಲ್ಟನ್ನು ಬೇರೆ ಸೆನ್ಸರ್‌ಗಳೂ ಹಂಚಿಕೊಂಡಿರುತ್ತವೆ. ಒಂದು ಶಾರ್ಟ್ ಆದರೆ ಎಲ್ಲರ ಊಟಕ್ಕೂ ಕಲ್ಲು. ಮೀಟರ್ ಹಿಡಿದುಕೊಂಡೇ ಒಂದೊಂದಾಗಿ ಬೇರೆ ಸೆನ್ಸರ್‌ಗಳ ಕನೆಕ್ಟರ್ ಕಳಚುತ್ತಾ ಹೋಗಿ. ಯಾವುದನ್ನು ಕಳಚಿದಾಗ 5 ವಾಪಸ್ ಬರುತ್ತದೋ ಅದೇ ಕಳ್ಳ. ಒಮ್ಮೆ ಟರ್ಬೊ ಗಾಳಿಯ ಒತ್ತಡ ಅಳೆಯುವ ಬೂಸ್ಟ್ ಸೆನ್ಸರ್ ತಂತಿ ಬ್ರಾಕೆಟ್ಟಿಗೆ ತಾಗಿ ಸವೆದಿದ್ದಕ್ಕೆ ಪೆಡಲ್ ಕೋಡ್ ಬಂದಿತ್ತು. ಅರ್ಧ ದಿನ ಹುಡುಕಿದೆ, ಟೇಪು ಸುತ್ತಿದ್ದು ಎರಡು ನಿಮಿಷ.

ಭಟ್ಕಳ, ಬಾಡಿಗೆ ಗಾಡಿ

ಮೊದಲು ಕಾಲಡಿಯ ಮ್ಯಾಟ್ ಎತ್ತಿ ನೋಡಿ. ನಗಬೇಡಿ. ನನಗೆ ಪೆಡಲ್ ಪೂರ್ತಿ ಇಳಿಯುತ್ತಿರಲಿಲ್ಲ, ಕೆಳಗೆ ನೀರಿನ ಬಾಟಲಿಯ ಮುಚ್ಚಳ ಕೂತಿತ್ತು.

ಶಿರಸಿ, ಅಡಕೆ ಬೆಳೆಗಾರ

ನಮ್ಮಲ್ಲಿ ಉಪ್ಪುಗಾಳಿ ಇಲ್ಲ, ಇಲಿ ಇದೆ. ಹೋದ ವರ್ಷ ಆರಿದ್ರಾ ಮಳೆ ಹೊತ್ತಿಗೆ ಗಾಡಿ ಕೊಟ್ಟಿಗೆ ಪಕ್ಕ ವಾರಗಟ್ಟಲೆ ನಿಂತಿತ್ತು. ಆಮೇಲೆ ತೆಂಗಿನಕಾಯಿ ತುಂಬಿ ಕುಮಟೆಗೆ ಹೊರಟೆ. ದೇವಿಮನೆ ಘಟ್ಟ ಇಳಿಯುವಾಗ ಇಂಜಿನ್ ಲೈಟ್ ಹತ್ತಿತು. ಇಳಿಯುವಾಗ ಪೆಡಲ್ ಬೇಕಾಗಲಿಲ್ಲ, ಹಾಗಾಗಿ ಗೊತ್ತಾಗಲಿಲ್ಲ. ವಾಪಸ್ ಹತ್ತುವಾಗ ಗೊತ್ತಾಯಿತು.

ಇಲ್ಲೊಂದು ಮಾತು ಹೇಳಲೇಬೇಕು. ಕಾರವಾರದ ತಮ್ಮ ಚಾವಿ ತೆಗೆದು ಹಾಕಿದರೆ ಸರಿಯಾಯಿತು ಅಂದ. ಅದನ್ನು ಗಾಡಿ ಪೂರ್ತಿ ನಿಂತ ಮೇಲೆ ಮಾತ್ರ ಮಾಡಬೇಕು. ಇಳಿಜಾರಿನಲ್ಲಿ ಓಡುತ್ತಿರುವಾಗ ಚಾವಿ ತಿರುಗಿಸಿದರೆ ಸ್ಟೇರಿಂಗ್ ಕಲ್ಲಾಗುತ್ತದೆ, ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕೂ ಕಲ್ಲಾಗುತ್ತದೆ. ನಮ್ಮೂರ ಹುಡುಗನೊಬ್ಬ ಹಾಗೆ ಮಾಡಿ ಚರಂಡಿಗೆ ಇಳಿಸಿದ. ದೇವರ ದಯೆ, ಕಣಿವೆ ಆಚೆ ಬದಿಗಿತ್ತು.

ನನ್ನ ಗಾಡಿಯಲ್ಲಿ ಇಲಿ ಎರಡು ತಂತಿ ಪೂರ್ತಿ ತಿಂದು, ಮೂರನೆಯದರ ಸಿಪ್ಪೆ ಮಾತ್ರ ಸುಲಿದಿತ್ತು. ಪೇಟೆಯಲ್ಲಿ ಒಬ್ಬರು ತಂತಿ ಹೊಸೆದು ಕಪ್ಪು ಟೇಪು ಸುತ್ತಿ ಕೊಟ್ಟರು. ಮೂರು ತಿಂಗಳಿಗೆ ಮತ್ತೆ ಅದೇ ಕೋಡ್. ಟೇಪು ಬಿಚ್ಚಿದರೆ ಒಳಗೆ ತಾಮ್ರ ಹಸಿರು ಪುಡಿ. ಎರಡನೇ ಸಲ ಬೆಸುಗೆ ಹಾಕಿಸಿ, ಒಳಗೆ ಅಂಟು ಇರುವ ಶ್ರಿಂಕ್ ಟ್ಯೂಬ್ ಹಾಕಿ ಬಿಸಿ ಮಾಡಿಸಿದೆ. ಈ ಮಳೆಗಾಲ ದಾಟಿತು.

ಇಲಿಗೆ ಮದ್ದು ಕೇಳಬೇಡಿ. ಬಾನೆಟ್ ಒಳಗೆ ಹೊಗೆಸೊಪ್ಪು ಇಟ್ಟೆ, ನುಸಿಗುಳಿಗೆ ಇಟ್ಟೆ. ಒಂದು ವಾರ ಗೌರವ ಕೊಟ್ಟು ಆಮೇಲೆ ಅದರ ಪಕ್ಕದಲ್ಲೇ ಗೂಡು ಕಟ್ಟಿದವು. ಈಗ ಗಾಡಿಯನ್ನು ಕೊಟ್ಟಿಗೆಯಿಂದ ದೂರ ನಿಲ್ಲಿಸುತ್ತೇನೆ, ರಾತ್ರಿ ಬಾನೆಟ್ ಎತ್ತಿಡುತ್ತೇನೆ. ಮನೆಯವಳು ಅದಕ್ಕೂ ನಗುತ್ತಾಳೆ.

ಕುಮಟಾ, ಚಾಲಕ

ನನ್ನದು ಬ್ರೇಕ್ ಸ್ವಿಚ್. ಕೆಲವು ಗಾಡಿಗಳಲ್ಲಿ ಬ್ರೇಕೂ ಎಕ್ಸಲರೇಟರೂ ಒಟ್ಟಿಗೆ ಒತ್ತಿದೆ ಅಂತ ಇಸಿಎಂಗೆ ಅನಿಸಿದರೆ ಎಳೆತ ಕಡಿಮೆ ಮಾಡುತ್ತದೆ. ಬ್ರೇಕ್ ಪೆಡಲ್ ಮೇಲಿನ ಸ್ವಿಚ್ ಸಡಿಲಾಗಿ, ಕಾಲು ತೆಗೆದರೂ ಒತ್ತಿದ ಹಾಗೇ ತೋರಿಸುತ್ತಿತ್ತು. ರಾತ್ರಿ ಹಿಂದೆ ಬಂದವರು "ನಿನ್ನ ಬ್ರೇಕ್ ಲೈಟ್ ಆರುವುದೇ ಇಲ್ಲ" ಅಂದಾಗ ಸಂಶಯ ಬಂತು. ಪಿ2138 ಬರುವುದು ಇದರಿಂದಲ್ಲ, ಆದರೂ ಲೈಟು ನೋಡಲು ಖರ್ಚಿಲ್ಲವಲ್ಲ.

ಹೊನ್ನಾವರ, ಪೆಟ್ರೋಲ್ ಮಿನಿ ಪಿಕಪ್

ಪೆಟ್ರೋಲ್ ಗಾಡಿಯವರೂ ಇದನ್ನು ಓದುತ್ತಾರೆ ಅಂತ ಬರೆಯುತ್ತಿದ್ದೇನೆ. ನಮ್ಮದರಲ್ಲಿ ಪೆಡಲ್ ಹೇಳಿದ್ದನ್ನು ಕೇಳಿ ಇಸಿಎಂ ಒಂದು ಮೋಟಾರಿನಿಂದ ಥ್ರಾಟಲ್ ಬಾಡಿಯ ಚಿಟ್ಟೆ ತಿರುಗಿಸುತ್ತದೆ. ಚಿಟ್ಟೆ ಅಂದರೆ ಗಾಳಿ ಬಿಡುವ ಆ ಹಿತ್ತಾಳೆ ಬಣ್ಣದ ಬಿಲ್ಲೆ. ನನಗೆ ಬಂದ ಕೋಡ್ ಪಿ2119, ಅಂದರೆ ಚಿಟ್ಟೆ ಇಸಿಎಂ ಹೇಳಿದ ಹಾಗೆ ತಿರುಗುತ್ತಿಲ್ಲ ಅಂತ. ನಿಂತಲ್ಲೇ ಆರ್‌ಪಿಎಂ ಏರಿ ಇಳಿದು ಆಗುತ್ತಿತ್ತು, ಸಿಗ್ನಲ್ಲಿನಲ್ಲಿ ಬಂದ್ ಬೀಳುತ್ತಿತ್ತು. ಬಿಚ್ಚಿ ನೋಡಿದರೆ ಬಿಲ್ಲೆಯ ಅಂಚಿಗೆ ಮಸಿ ಹಿಡಿದು ಅಂಟಿಕೊಂಡಿದೆ.

ಥ್ರಾಟಲ್ ಬಾಡಿ ಕ್ಲೀನರನ್ನು ಬಟ್ಟೆಗೆ ಹಾಕಿ ಒರೆಸಿ. ಡಬ್ಬಿ ಹಿಡಿದು ಒಳಗೆಲ್ಲ ಸಿಂಪಡಿಸಿದರೆ ಮೋಟಾರು, ಸೆನ್ಸರ್ ಕಡೆ ಇಳಿಯುತ್ತದೆ. ಚಾವಿ ಆನ್ ಇರುವಾಗ ಬೆರಳು ಹಾಕಲೇಬೇಡಿ. ಆ ಬಿಲ್ಲೆ ಕಚ್ಚುತ್ತದೆ, ಗುರುತು ನನ್ನ ತೋರುಬೆರಳಲ್ಲಿದೆ. ಒರೆಸಿದ ಮೇಲೆ ಸ್ಟಾರ್ಟ್ ಮಾಡಿದರೆ ಆರ್‌ಪಿಎಂ 2000ಕ್ಕೆ ಹಾರಿತು. ಹೆದರಿಬಿಟ್ಟೆ. ಮಸಿ ಇದ್ದಾಗ ಬಿಲ್ಲೆಯನ್ನು ಸ್ವಲ್ಪ ಜಾಸ್ತಿ ತೆರೆದಿಡಲು ಇಸಿಎಂ ಕಲಿತಿತ್ತಂತೆ. ಸ್ಕ್ಯಾನರಿನಲ್ಲಿ ಹೊಸದಾಗಿ ಕಲಿಸಿದ ಮೇಲೆ ಸರಿಯಾಯಿತು. ಕಲಿಸುವ ರೀತಿ ಕಂಪನಿಯಿಂದ ಕಂಪನಿಗೆ ಬೇರೆ, ಯಾರೋ ಹೇಳಿದ ಹಾಗೆ ಚಾವಿ ಹತ್ತು ಸಲ ತಿರುಗಿಸಿ ಕೂರಬೇಡಿ.

ಅಂಕೋಲಾ, ಆಟೋ ಎಲೆಕ್ಟ್ರಿಷಿಯನ್

ಹೊನ್ನಾವರದವರು ಹೇಳಿದ್ದು ಪೆಟ್ರೋಲಿಗೆ ಸರಿ. ಕಾರವಾರದವರು ಅದನ್ನು ಓದಿ ಥ್ರಾಟಲ್ ಬಾಡಿ ಬಿಚ್ಚಲು ಹೋಗಬೇಡಿ. ಡೀಸೆಲ್‌ನಲ್ಲೂ ಒಂದು ಫ್ಲಾಪ್ ಇರುತ್ತದೆ. ಆದರೆ ಅದು ಇಜಿಆರ್ (ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಇಂಜಿನ್ನಿಗೆ ಕಳಿಸುವುದು) ಕೆಲಸಕ್ಕೆ, ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಮಸಿ ಸುಡುವುದಕ್ಕೆ, ಇಂಜಿನ್ ಬಂದ್ ಮಾಡುವಾಗ ಕುಲುಕದಿರಲಿ ಅನ್ನುವುದಕ್ಕೆ. ಡೀಸೆಲ್ ಎಳೆಯುವುದು ಇಂಜೆಕ್ಟರ್ ಬಿಡುವ ಎಣ್ಣೆಯ ಅಳತೆಯ ಮೇಲೆ. ಇನ್ನು ಎಳೆತ ಇಲ್ಲ ಅಂದ ಮಾತ್ರಕ್ಕೆ ಎಲ್ಲವೂ ಪೆಡಲ್ ಅಲ್ಲ. ಪಿ0299 ಬಂದರೆ ಟರ್ಬೊ ಗಾಳಿ ಸಾಲುತ್ತಿಲ್ಲ, ಹೋಸ್ ಬಿರುಕು ನೋಡಿ. ಪಿ0087 ಬಂದರೆ ರೈಲ್ ಪ್ರೆಶರ್ (ಇಂಜೆಕ್ಟರಿಗೆ ಹೋಗುವ ಡೀಸೆಲ್ ಒತ್ತಡ) ಕಡಿಮೆ, ಡೀಸೆಲ್ ಫಿಲ್ಟರಿನಿಂದ ಶುರು ಮಾಡಿ.

ಕಾರವಾರ, ಮೀನು ಗಾಡಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಲೋಡಿರಲಿಲ್ಲ, ಗಾಡಿಯನ್ನು ಅಂಕೋಲಾದ ಅಣ್ಣನ ಹತ್ತಿರವೇ ಒಯ್ದೆ.

ಲೈವ್ ಡೇಟಾದಲ್ಲಿ ಪೆಡಲ್ ಒತ್ತಿದಾಗ ಎರಡೂ ಗೆರೆ ಚೆಂದ ಬಂದವು. ನನ್ನ ಮುಖ ಬಾಡಿತು. ಅಣ್ಣ ಡ್ಯಾಶ್‌ಬೋರ್ಡ್ ಕೆಳಗೆ ಮಲಗಿ ತಂತಿ ಹಿಡಿದು ಮೆಲ್ಲಗೆ ಅಲುಗಿಸಿದ. ಕೂಡಲೇ ಎರಡನೇ ಸೆನ್ಸರ್ 0.37ರಿಂದ 0.7ಕ್ಕೆ ಹಾರಿತು. ಎರಡನೇ ಅರ್ಥ್ ಪಿನ್ನಿನಲ್ಲಿ ಮೀಟರ್ 0.35 ತೋರಿಸಿತು. ಕನೆಕ್ಟರ್ ಕಳಚಿದಾಗ ಹೊಸ ಪೆಡಲ್ ಕಡೆಯ ಪಿನ್ನುಗಳಲ್ಲಿ ತೆಳುವಾಗಿ ಹಸಿರು. ಗಾಡಿ ಕಡೆಯ ಟರ್ಮಿನಲ್‌ಗೆ ತಂತಿ ಕಚ್ಚಿಸಿದ ಜಾಗದಲ್ಲಂತೂ ಕಿಲುಬು ಪುಡಿಯಾಗಿ ಉದುರಿತು.

ನೀರು ಎಲ್ಲಿಂದ ಬಂತು ಅಂತ ಕೇಳಿದೆ. ಅಣ್ಣ ವೈಪರ್ ಕೆಳಗಿನ ಜಾಲರಿ ಎತ್ತಿಸಿದ. ಒಳಗೆ ಎರಡು ತಿಂಗಳ ಮಾವಿನ ಎಲೆ ಕೊಳೆತು ಗೊಬ್ಬರವಾಗಿತ್ತು. ನೀರು ಹೊರಹೋಗುವ ತೂತು ಮುಚ್ಚಿ, ಒಳಗೆ ನೀರು ತುಂಬಿ, ತಂತಿ ತೂರಿಸಿದ ರಬ್ಬರ್ ಸಂದಿನಿಂದ ತಂತಿಯ ಮೈಮೇಲೇ ಇಳಿದು ಕನೆಕ್ಟರ್ ಸೇರಿತ್ತು. ನಾನು ಐಸ್ ನೀರನ್ನು ಬೈಯುತ್ತಿದ್ದೆ, ತಪ್ಪು ನನ್ನ ಮಾವಿನ ಮರದ್ದು.

ಆ ಟರ್ಮಿನಲ್ ಕತ್ತರಿಸಿ ಹೊಸದು ಹಾಕಿದ, ಉಳಿದವನ್ನು ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೊಳೆದ. ಮರಳುಕಾಗದ ಹಾಕಿ ಉಜ್ಜೋಣವಾ ಅಂದೆ, ಬೈದ. ಪಿನ್ನಿನ ಮೇಲಿನ ಲೇಪ ಹೋದರೆ ಇನ್ನೂ ಬೇಗ ಕೊಳೆಯುತ್ತದಂತೆ. ಎಲೆ ತೆಗೆದು, ರಬ್ಬರ್ ಸುತ್ತ ಸೀಲಂಟ್ ಬಳಿದ. ತಂತಿಯನ್ನು ಕನೆಕ್ಟರಿಗಿಂತ ಸ್ವಲ್ಪ ಕೆಳಗೆ ಜೋತು ಬಿಟ್ಟು ಕಟ್ಟಿದ, ಇನ್ನು ನೀರು ಬಂದರೂ ಅಲ್ಲೇ ತೊಟ್ಟಿಕ್ಕಲಿ ಅಂತ. ಎಲ್ಲ ಸೇರಿ 700 ರೂಪಾಯಿ ತೆಗೆದುಕೊಂಡ, ಅದೂ ನಾನು ಒತ್ತಾಯ ಮಾಡಿದ್ದಕ್ಕೆ.

ಅಂದಿನಿಂದ ಅರಬೈಲ್ ಹದಿನೆಂಟು ಸಲ ಹತ್ತಿದ್ದೇನೆ, ಅದರಲ್ಲಿ ನಾಲ್ಕು ಸಲ ಜಡಿಮಳೆಯಲ್ಲಿ. ಲೈಟ್ ಹತ್ತಿಲ್ಲ.

ಅಂದ ಹಾಗೆ, ಹಾಳಾಗಿದೆ ಅಂತ ತೆಗೆದ ಹಳೆ ಪೆಡಲ್ ಇನ್ನೂ ಸೀಟಿನ ಹಿಂದೆ ಇತ್ತು. ಅಣ್ಣ ಅದನ್ನೂ ಹಾಕಿ ನೋಡಿದ, ಎರಡು ಗೆರೆಯೂ ನುಣ್ಣಗೆ ಬಂದವು. ಅದೇ ಗಾಡಿ ಯಾರದ್ದಾದರೂ ಇದ್ದು ಪೆಡಲ್ ನಿಜವಾಗಿ ಹೋಗಿದ್ದರೆ ಹೇಳಿ, ಅರ್ಧ ರೇಟಿಗೆ ಕೊಡುತ್ತೇನೆ. ಮೊದಲು ಅಲುಗಿಸಿ ನೋಡಿಕೊಂಡು ಬನ್ನಿ.