ಮರದ ತೆಳು ಹೂದಾನಿ: ಗೋಡೆ 5 ಮಿಮೀಗಿಂತ ಕೆಳಗೆ ಇಳಿದರೆ ಕಿರುಚುತ್ತದೆ, ಏನು ಮಾಡಲಿ?

ಮೈಸೂರು_ಉಳಿ:

ಎಲ್ಲರಿಗೂ ನಮಸ್ಕಾರ. ಲೇತ್‌ನಲ್ಲಿ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ಹಾಲೆ ಮರದ ಹೂದಾನಿ ಕಡೆಯುತ್ತಿದ್ದೇನೆ. ಎತ್ತರ 8 ಇಂಚು, ಹೊಟ್ಟೆಯ ಹತ್ತಿರ 4 ಇಂಚು ಅಗಲ, ಬಾಯಿ 2 ಇಂಚು. ಗೋಡೆ 2 ಮಿಮೀ ಇರಬೇಕು ಅಂತ ಆಸೆ. ಹೊರಗಿನ ಆಕಾರ ಚೆನ್ನಾಗೇ ಬರುತ್ತದೆ, ತೊಂದರೆ ಒಳಗಡೆ. ಗೋಡೆ 5 ಮಿಮೀಗೆ ಇಳಿಯುತ್ತಿದ್ದ ಹಾಗೇ ಮರ ಕಿರುಚಲು ಶುರು ಮಾಡುತ್ತದೆ, ಒಳಮೈಯಲ್ಲಿ ಸುರುಳಿ ಸುರುಳಿ ಗೆರೆ ಬೀಳುತ್ತದೆ, ಇನ್ನೂ ಒತ್ತಿದರೆ ಉಳಿ ಕಚ್ಚಿಕೊಂಡು ಬಾಯಿಯ ಕಡೆ ಸೀಳುತ್ತದೆ.

ಲೇತ್ 1 ಎಚ್‌ಪಿ, ವೇಗ ಬದಲಿಸಬಹುದು. ಒಂದು ಬೌಲ್ ಗೌಜ್ (ಬಟ್ಟಲು ಕಡೆಯುವ ತೋಡಿನ ಉಳಿ) ಇದೆ, 10 ಮಿಮೀ ದಪ್ಪದ ನೇರ ಸ್ಕ್ರೇಪರ್ (ಹೆರೆಯುವ ಉಳಿ) ಇದೆ. ಗೋಡೆಯನ್ನು ಮೊದಲು ಪೂರ್ತಿ 6 ಮಿಮೀಗೆ ತಂದು, ಆಮೇಲೆ ಮೇಲಿಂದ ಕೆಳಗೆ ಇನ್ನೊಂದು ಸುತ್ತು ತೆಗೆಯುತ್ತೇನೆ. ಹಸಿ ಮರ ತಗೋ ಅಂತ ಕೆಲವರು ಹೇಳುತ್ತಾರೆ, ಒಣಗಿದ್ದೇ ಬೇಕು ಅಂತ ಇನ್ನು ಕೆಲವರು. ಹೊರಗೆ ಚನ್ನಪಟ್ಟಣದ ಥರ ಅರಗಿನ ಬಣ್ಣ ಹಾಕುವ ಆಸೆಯೂ ಇದೆ. ಗೊತ್ತಿದ್ದವರು ದಾರಿ ತೋರಿಸಿ.

ತಿರುಗಣಿ:

ಸರ್, ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. "ಮೇಲಿಂದ ಕೆಳಗೆ ಇನ್ನೊಂದು ಸುತ್ತು" ಅಂದಿರಲ್ಲ, ಅದನ್ನು ಬಿಡಿ. ಎಂಟು ಇಂಚು ಉದ್ದದ ಗೋಡೆ ಪೂರ್ತಿ 6 ಮಿಮೀ ಆದ ಮೇಲೆ ಬಾಯಿಯ ಹತ್ತಿರ ಹಿಡಿದುಕೊಳ್ಳಲು ಏನೂ ಉಳಿದಿರುವುದಿಲ್ಲ, ಅಲ್ಲಿ ಉಳಿ ಇಟ್ಟರೆ ಅದು ನಡುಗದೆ ಇನ್ನೇನು ಮಾಡುತ್ತದೆ? ಮೊದಲ ಒಂದು ಇಂಚನ್ನು ನೇರವಾಗಿ 2 ಮಿಮೀಗೆ ತನ್ನಿ. ಒಳಗೆ ಉಪ್ಪುಕಾಗದ ಉಜ್ಜುವುದಿದ್ದರೆ ಅದನ್ನೂ ಆಗಲೇ ಮುಗಿಸಿ. ಆಮೇಲೆ ಮುಂದಿನ ಇಂಚು. ಕೆಳಗೆ ದಪ್ಪ ಮರ ಇರುವವರೆಗೂ ಮೇಲಿನ ಭಾಗ ಅಲ್ಲಾಡುವುದಿಲ್ಲ. ಒಂದು ಸಲ ದಾಟಿದ ಜಾಗಕ್ಕೆ ಮತ್ತೆ ಉಳಿ ಮುಟ್ಟಿಸಬೇಡಿ, ಅಲ್ಲೊಂದು ಗೆರೆ ಕಾಣುತ್ತಿದ್ದರೂ ಸರಿ.

ಶುರುವಿಗೆ ಟೈಲ್‌ಸ್ಟಾಕ್‌ನಿಂದ (ಲೇತ್‌ನ ಇನ್ನೊಂದು ತುದಿಯ, ಹಿಂದೆ ಮುಂದೆ ಸರಿಯುವ ಭಾಗ) ಒಂದು ರಂಧ್ರ ಕೊರೆಯಿರಿ. ಫಾರ್ಸ್ಟ್‌ನರ್ ಬಿಟ್ (ಚಪ್ಪಟೆ ತಳದ ಅಗಲ ರಂಧ್ರ ಕೊರೆಯುವ ಡ್ರಿಲ್) ಸಾಕು, 400ರಿಂದ 500 ಆರ್‌ಪಿಎಂ (ನಿಮಿಷಕ್ಕೆ ಸುತ್ತು), ಆಗಾಗ ಹೊರಗೆಳೆದು ಹೊಟ್ಟು ತೆಗೆಯುತ್ತಾ ಇರಿ. ತಳ ಎಲ್ಲಿ ನಿಲ್ಲಬೇಕೋ ಅಲ್ಲಿಗೆ ಅರ್ಧ ಇಂಚು ಮೊದಲೇ ನಿಲ್ಲಿಸಿ. ಎಳೆ ಉದ್ದಕ್ಕೆ ಓಡುವ ತುಂಡಾದ್ದರಿಂದ ನಡುವಿನ ರಂಧ್ರದಿಂದ ಗೋಡೆಯ ಕಡೆಗೆ ಕೆತ್ತಿಕೊಂಡು ಬರಬೇಕು, ಬಟ್ಟಲಿನ ಲೆಕ್ಕ ಇಲ್ಲಿ ಉಲ್ಟಾ.

ಇನ್ನೊಂದು ವಿಷಯ ಜಾಸ್ತಿ ಜನ ಹೇಳುವುದಿಲ್ಲ. ಒಳಗೆ ಸ್ಕ್ರೇಪರ್ ಹಾಕುವಾಗ ಅದರ ತುದಿ ಮಧ್ಯರೇಖೆಗಿಂತ ಕೂದಲಷ್ಟು ಮೇಲಿರಲಿ. ಉಳಿ ಬಾಗಿ ಕೆಳಗಿಳಿದರೂ ತುದಿ ಖಾಲಿ ಜಾಗಕ್ಕೆ ಹೋಗುತ್ತದೆ. ಮಧ್ಯಕ್ಕಿಂತ ಕೆಳಗಿದ್ದು ಬಾಗಿದರೆ ಸೀದಾ ಮರದೊಳಗೆ ಕಚ್ಚುತ್ತದೆ, ನಿಮಗೆ ಆಗುತ್ತಿರುವುದು ಅದೇ ಇರಬಹುದು. ಅದೂ ಅಲ್ಲದೆ 10 ಮಿಮೀ ಸ್ಕ್ರೇಪರ್ ಟೂಲ್‌ರೆಸ್ಟ್‌ನಿಂದ (ಉಳಿ ಊರುವ ಆಸರೆ) ಎಂಟು ಇಂಚು ಆಚೆ ಚಾಚಿದರೆ ಬಾಗಿಯೇ ಬಾಗುತ್ತದೆ, ಅಷ್ಟು ಆಳಕ್ಕೆ 16 ಮಿಮೀ ದಪ್ಪದ ಉಕ್ಕಿನ ಸರಳು ಬೇಕು, ಹಿಡಿಯೂ ಉದ್ದ ಇರಬೇಕು, ಮೊಣಕೈ ಕೆಳಗೆ ಒತ್ತಿ ಹಿಡಿಯುವಷ್ಟು.

ಬಾಯಿ 2 ಇಂಚು, ಹೊಟ್ಟೆ 4 ಇಂಚು ಅಂದರೆ ಭುಜದ ಒಳಭಾಗಕ್ಕೆ ನೇರ ಉಳಿ ತಲುಪುವುದೇ ಇಲ್ಲ. ಬಾಗಿದ ತುದಿಯ ಉಳಿ ಬೇಕು, ಅದು ಕೈಯಲ್ಲಿ ತಿರುಚಿಕೊಳ್ಳುತ್ತದೆ, ಅದರ ನೇರ ಭಾಗವೇ ಟೂಲ್‌ರೆಸ್ಟ್ ಮೇಲೆ ಕೂತಿರಬೇಕು. ಮೊದಲನೆಯದಕ್ಕೆ ಬಾಯಿ 3 ಇಂಚು ಇಡಿ. ಚಿಕ್ಕ ಬಾಯಿಯ ಹುಚ್ಚು ಆಮೇಲೆ ಇದ್ದೇ ಇದೆ! ಅಮೆರಿಕದ ಮರ ಕಡೆಯುವ ಕಲಾವಿದ ಡೇವಿಡ್ ಎಲ್ಸ್‌ವರ್ತ್ ಬೆರಳು ತೂರುವಷ್ಟು ಬಾಯಿಯಿಂದ ಒಳಗೆಲ್ಲ ಟೊಳ್ಳು ಮಾಡಿ ತೋರಿಸಿದವರು, ಅದಕ್ಕೆ ಬಾಗಿದ ಉಳಿಗಳನ್ನು ತಾವೇ ಮಾಡಿಕೊಂಡಿದ್ದರು.

ಅರಗು_ತಾಳೆಗರಿ:

ನಾನು ಚನ್ನಪಟ್ಟಣದ ಕಡೆಯವನು, ಅರಗಿನ ವಿಷಯ ಮಾತ್ರ ಹೇಳುತ್ತೇನೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದಾಗ ಉಜ್ಜಾಟದ ಬಿಸಿಗೆ ಅರಗು ಕರಗಿ ಹತ್ತುತ್ತದೆ, ಆಮೇಲೆ ತಾಳೆಗರಿ ಒತ್ತಿ ಹೊಳಪು ಬರಿಸುತ್ತೇವೆ. ಎರಡಕ್ಕೂ ಒತ್ತಡ ಬೇಕು, ಬಿಸಿಯೂ ಬೇಕು. 2 ಮಿಮೀ ಗೋಡೆಗೆ ಅಷ್ಟು ಒತ್ತಿದರೆ ಹೂದಾನಿ ಉಳಿಯುತ್ತದಾ ನೀವೇ ಹೇಳಿ. ಹಾಗಾಗಿ ಹೊರಮೈ ಮುಗಿಸಿ, ಅರಗು ಹಾಕಿ, ತಾಳೆಗರಿ ಹೊಳಪೂ ಕೊಟ್ಟು, ಆಮೇಲೆ ಒಳಗೆ ಕೈ ಹಾಕಿ. ಬಾಯಿಯ ಅಂಚು ಮಾತ್ರ ಕೊನೆಗೆ.

ಮತ್ತೆ ಅರಗು ಬೇಕು ಅಂದರೆ ಹಸಿ ಮರದ ಮಾತೇ ಬೇಡ. ಹಸಿ ಮರದ ಮೇಲೆ ಅರಗು ನಿಲ್ಲುವುದಿಲ್ಲ, ಮರ ಕುಗ್ಗಿದ ಹಾಗೆ ಬಿರಿದು ಸಿಪ್ಪೆ ಏಳುತ್ತದೆ. ಹಾಲೆ ಮರವನ್ನು ನಾವು ಒಣಗಿಸಿಯೇ ಬಳಸುವುದು. ಬೆಳ್ಳಗೆ, ಎಳೆ ನಯ, ಕಡೆಯಲು ಮೆತ್ತಗೆ, ಬಣ್ಣ ಇದ್ದ ಹಾಗೇ ಕಾಣುತ್ತದೆ, ಅದಕ್ಕೇ ಅದು ನಮ್ಮ ಊರಿನ ಮರ.

ಮಲೆನಾಡ್_ಮರ:

ಅರಗಿನ ಅಣ್ಣ ಹೇಳಿದ್ದು ಅರಗಿನ ಮಟ್ಟಿಗೆ ನೂರಕ್ಕೆ ನೂರು ಸರಿ. ಆದರೆ ನಿಜವಾಗಿ ತೆಳ್ಳಗೆ ಬೇಕು ಅಂದರೆ ನನ್ನ ಓಟು ಹಸಿ ಮರಕ್ಕೇ. ಹಸಿ ಮರ ಉಳಿಗೆ ಉದ್ದುದ್ದ ಎಳೆಯಾಗಿ ಬಿಟ್ಟುಕೊಡುತ್ತದೆ, ಧೂಳಿಲ್ಲ, ಒತ್ತುವ ಅಗತ್ಯವೇ ಇಲ್ಲ. ಒಡೆಯುತ್ತದೆ ಅಂತ ಹೆದರುತ್ತಾರೆ, ಒಡೆಯುವುದು ದಪ್ಪ ಇದ್ದಾಗ. ಹೊರಗೆ ಒಣಗಿ ಒಳಗೆ ಹಸಿ ಉಳಿದಾಗ ಎಳೆದಾಟ ಶುರುವಾಗುತ್ತದೆ. 2 ಮಿಮೀ ಗೋಡೆಗೆ ಒಳಗೂ ಹೊರಗೂ ಒಂದೇ, ಅದು ಒಡೆಯದೆ ಸುಮ್ನೆ ಬಾಗುತ್ತದೆ. ಮರ ವರ್ಷದ ಬಳೆಗಳ ಉದ್ದಕ್ಕೆ ಕುಗ್ಗುವುದು, ಬಳೆಗೆ ಅಡ್ಡವಾಗಿ ಕುಗ್ಗುವುದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು, ಆದ್ದರಿಂದ ದುಂಡಗಿನ ಬಾಯಿ ಒಣಗಿದ ಮೇಲೆ ಸ್ವಲ್ಪ ಮೊಟ್ಟೆಯಾಕಾರ ಆಗುತ್ತದೆ. ನನಗೆ ಅದೇ ಇಷ್ಟ. ಪಕ್ಕಾ ದುಂಡಗೇ ಬೇಕು ಅನ್ನುವವರಿಗೆ ಇದು ಆಗಿಬರುವುದಿಲ್ಲ.

ಷರತ್ತು ಎರಡೇ. ಒಂದು, ಶುರು ಮಾಡಿದರೆ ಕೂತಲ್ಲೇ ಮುಗಿಸಬೇಕು. ಊಟಕ್ಕೆ ಹೋಗಿ ಬಂದರೆ ಅಷ್ಟರಲ್ಲೇ ಮರ ವಾಲಿರುತ್ತದೆ, ಉಳಿ ಒಂದು ಕಡೆ ತಾಗಿ ಇನ್ನೊಂದು ಕಡೆ ತಪ್ಪುತ್ತದೆ. ಮಧ್ಯೆ ಮಧ್ಯೆ ಹೊರಗೆ ನೀರು ಚಿಮುಕಿಸಿ. ಎರಡು, ತಿರುಳು ತಳದಲ್ಲಿ ಉಳಿಯದ ಹಾಗೆ ತುಂಡನ್ನು ಒಂದು ಪಕ್ಕಕ್ಕೆ ಸರಿಸಿ ಕತ್ತರಿಸಿಕೊಳ್ಳಿ, ತಳದ ನಟ್ಟನಡುವೆ ತಿರುಳಿದ್ದರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ.

ಹಸಿ ಬಿಳಿ ಮರದಲ್ಲಿ ಇನ್ನೊಂದು ಮಜಾ, ಅಳತೆಗೆ ಬೆಳಕು ಸಾಕು. ಲೇತ್ ನಿಲ್ಲಿಸಿ ಒಳಗೆ ಚಿಕ್ಕ ಎಲ್‌ಇಡಿ ದೀಪ ಹಿಡಿದರೆ ತೆಳ್ಳಗಿನ ಜಾಗ ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತದೆ, ದಪ್ಪ ಇರುವ ಕಡೆ ಕತ್ತಲೆ. ಬೀಟೆಯಂಥ ಕಪ್ಪು ಮರದಲ್ಲಿ ಇದು ನಡೆಯುವುದಿಲ್ಲ, ಅಲ್ಲಿ ದಪ್ಪ ಅಳೆಯುವ ಕ್ಯಾಲಿಪರ್ರೇ ಗತಿ. ಬೆಂಗಳೂರಿನ ಹಳೇ ಬಂಗಲೆಗಳ ಮುಂದೆ ಕ್ರಿಸ್ಮಸ್ ಮರ ಅಂತ ಅರೌಕೇರಿಯಾ ಇರುತ್ತದಲ್ಲ, ಮಳೆಗೆ ಬಿದ್ದರೆ ಒಂದು ತುಂಡು ಕೇಳಿ ತಗೊಳ್ಳಿ. ಹವಾಯಿಯ ರಾನ್ ಕೆಂಟ್ ಅದೇ ಜಾತಿಗೆ ಸೇರಿದ ನಾರ್ಫೋಕ್ ಪೈನ್‌ನಲ್ಲಿ ಬಟ್ಟಲು ಕಡೆದು, ಎಣ್ಣೆ ಕುಡಿಸಿ, ಬೆಳಕು ಹಾಯುವ ಹಾಗೆ ಮಾಡುತ್ತಿದ್ದರು. ಕೊಂಬೆ ಹೊರಟ ಗಂಟುಗಳು ಸುತ್ತಲೂ ನಕ್ಷತ್ರದ ಥರ ಕಾಣುತ್ತವೆ.

ಮೈಸೂರು_ಉಳಿ:

ತುಂಬಾ ಉಪಕಾರ ಆಯಿತು. ಅಂದರೆ ಅರಗು ಬೇಕಿದ್ದರೆ ಒಣ ಮರ, ತೀರಾ ತೆಳ್ಳಗೆ ಬೇಕಿದ್ದರೆ ಹಸಿ ಮರ, ಎರಡೂ ಒಟ್ಟಿಗೆ ಇಲ್ಲ. ಸರಿ, ಮೊದಲು ಒಣ ಮರದಲ್ಲಿ 3 ಮಿಮೀ ನೋಡುತ್ತೇನೆ, ಬಾಯಿ 3 ಇಂಚು. ಎರಡು ಸಣ್ಣ ಪ್ರಶ್ನೆ. ವೇಗ ಎಷ್ಟಿರಲಿ? ಮತ್ತೆ ಇದರಲ್ಲಿ ನೀರು ಹಾಕಿ ಹೂವು ಇಡಬಹುದಾ? ಮನೆಯವರು ಕೇಳುತ್ತಿದ್ದಾರೆ.

ತಿರುಗಣಿ:

ರೂಢಿಯ ಲೆಕ್ಕ ಏನೆಂದರೆ, ಇಂಚಿನಲ್ಲಿ ಅಗಲವನ್ನು ಆರ್‌ಪಿಎಂನಿಂದ ಗುಣಿಸಿದರೆ 6000ದಿಂದ 9000ದ ಒಳಗೆ ಇರಬೇಕು. ನಿಮ್ಮ 4 ಇಂಚಿಗೆ 1500ರಿಂದ 2250 ಬರುತ್ತದೆ, ಅದು ಹೊರಮೈಗೆ. ಒಳಗೆ ಆಳಕ್ಕೆ ಹೋಗುವಾಗ ಸಾವಿರದ ಆಸುಪಾಸಿಗೆ ಇಳಿಸಿ. ಕಿರುಚಲು ಶುರುವಾದರೆ ಮೊದಲು ವೇಗ ಬದಲಿಸಿ ನೋಡಿ, ಆಮೇಲೆ ಉಳಿ ಮಸೆಯಿರಿ. ಎಡಗೈ ಬೆರಳನ್ನು ಹೊರಗೋಡೆಗೆ ಹಗುರವಾಗಿ ಆನಿಸಿದರೂ ನಡುಕ ಕಮ್ಮಿಯಾಗುತ್ತದೆ, ಆದರೆ ಕೈಗವಸು ಬೇಡವೇ ಬೇಡ, ಒಳಗೆ ಬೆರಳು ಹಾಕಲೂಬೇಡಿ. ಮುಖಕ್ಕೆ ಪೂರ್ತಿ ಮುಚ್ಚುವ ಶೀಲ್ಡ್ ಇರಲಿ. ಚಕ್ (ಮರವನ್ನು ಹಿಡಿದು ತಿರುಗಿಸುವ ದವಡೆ) ಕಚ್ಚುವ ಗೂಟ 50 ಮಿಮೀ ಅಗಲ ಇಡಿ, ಗೂಟದ ತುದಿ ಚಕ್‌ನ ತಳಕ್ಕೆ ತಾಗಬಾರದು, ಭುಜ ಮಾತ್ರ ದವಡೆಯ ಮೇಲೆ ಕೂರಬೇಕು, ಇಲ್ಲದಿದ್ದರೆ ಎಷ್ಟು ಬಿಗಿ ಮಾಡಿದರೂ ಎಂಟು ಇಂಚಿನ ತುದಿ ಓಲಾಡುತ್ತದೆ.

ನೀರು ಹಾಕಬೇಡಿ ಸರ್. ಅಷ್ಟು ತೆಳು ಮರದಲ್ಲಿ ನೀರು ನಿಂತರೆ ತಳ ಉಬ್ಬಿ ಬಿರಿಯುತ್ತದೆ. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಗಾಜಿನ ಟೆಸ್ಟ್ ಟ್ಯೂಬ್ ಸಿಗುತ್ತದೆ, ಅದನ್ನು ಒಳಗೆ ನಿಲ್ಲಿಸಿ ಹೂವು ಇಡಿ. ಟ್ಯೂಬ್ ಮೊದಲೇ ತಂದಿಟ್ಟುಕೊಂಡರೆ ಒಳಗಿನ ಆಳವನ್ನು ಅದಕ್ಕೆ ಸರಿಯಾಗಿ ಕೊರೆಯಬಹುದು.