ಗುಡುಗಿಗೆ ನಡುಗುವ ಮಗಳು, ಏನು ಮಾಡಲಿ?

ಮಗಳಿಗೆ ನಾಲ್ಕೂವರೆ ವರ್ಷ. ಹೋದ ತಿಂಗಳು ಒಂದು ರಾತ್ರಿ ಜೋರು ಬಿರುಗಾಳಿ ಬಂದು ಮನೆ ಎದುರಿನ ಮರ ಮುರಿದು ಬಿತ್ತು, ಕರೆಂಟು ಹೋಯಿತು, ಕಿಟಕಿಗಳೆಲ್ಲ ಬಡಿದುಕೊಂಡವು. ಯಾರಿಗೂ ಏನೂ ಆಗಲಿಲ್ಲ. ಆದರೆ ಅವತ್ತಿನಿಂದ ಮಗು ಮೊದಲಿನ ಹಾಗಿಲ್ಲ. ಮೋಡ ಕವಿದರೆ ಸಾಕು, ನನ್ನನ್ನು ಗಟ್ಟಿಯಾಗಿ ಹಿಡಿದುಕೊಂಡು "ಅಮ್ಮಾ, ಮತ್ತೆ ಬರುತ್ತಾ?" ಅಂತ ಹತ್ತು ಸಲ ಕೇಳುತ್ತಾಳೆ, ರಾತ್ರಿ ಒಬ್ಬಳೇ ಮಲಗುವುದಿಲ್ಲ, ನಿಂತೇ ಹೋಗಿದ್ದ ಹಾಸಿಗೆ ಒದ್ದೆ ಮಾಡೋದು ಮತ್ತೆ ಶುರುವಾಗಿದೆ.

ಮೊದಲು "ಏನೂ ಆಗಲ್ಲ, ಸುಮ್ನೆ ಮಲಗು" ಅಂದೆ. ಅದು ತಪ್ಪು ಅಂತ ಈಗ ಅನಿಸುತ್ತದೆ. ಅವಳ ಕಣ್ಣೆದುರೇ ಮರ ಬಿದ್ದಿದೆ ಅಲ್ವಾ, ಹೇಗೆ ನಂಬುತ್ತಾಳೆ? ಈಗ "ಹೆದರಿಕೆ ಆಗೋದು ಸಹಜ, ನಾನು ಜೊತೆಗಿದ್ದೇನೆ" ಅನ್ನುತ್ತೇನೆ. ಟಿವಿಯಲ್ಲಿ ಚಂಡಮಾರುತದ ಸುದ್ದಿ ಬಂದರೆ ಆರಿಸುತ್ತೇನೆ. ಮಿಂಚು ಕಂಡರೆ ಮನೆಯೊಳಗೆ ಕೂತು ಇಬ್ಬರೂ ಎಣಿಸುತ್ತೇವೆ. ಬೆಳಕು ಕೂಡಲೇ ಕಾಣುತ್ತದೆ, ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ಬೇಕು, ಹಾಗಾಗಿ 9 ಸೆಕೆಂಡ್ ಆದಮೇಲೆ ಗುಡುಗಿದರೆ ಮಿಂಚು 3 ಕಿಲೋಮೀಟರ್ ದೂರ. ಎಣಿಸುವಾಗ ಅಳು ನಿಲ್ಲುತ್ತದೆ. ಆದರೆ ಎಣಿಕೆ ಚಿಕ್ಕದಾದಂತೆ ಭಯ ಇನ್ನೂ ಜಾಸ್ತಿ!

ಟಾರ್ಚು, ನೀರು, ಅವಳ ಗೊಂಬೆ ಹಾಕಿದ ಒಂದು ಚೀಲವನ್ನು ಅವಳ ಕೈಯಲ್ಲೇ ಸಿದ್ಧ ಮಾಡಿಸೋಣ ಅಂತಿದ್ದೇನೆ. ಇದರಿಂದ ಧೈರ್ಯ ಬರುತ್ತಾ, ಇಲ್ಲ ಬಿರುಗಾಳಿ ಬಂದೇ ಬರುತ್ತೆ ಅನ್ನೋ ಭಯ ಬೆಳೆಯುತ್ತಾ? ನಿಮ್ಮ ಮಕ್ಕಳಿಗೆ ಯಾವುದು ಕೆಲಸ ಮಾಡಿತು? ಮಕ್ಕಳ ಆಪ್ತಸಲಹೆಗಾರರ ಹತ್ತಿರ ಈಗಲೇ ಹೋಗಬೇಕಾ, ಸ್ವಲ್ಪ ದಿನ ಕಾಯಬಹುದಾ? ಅನುಭವ ಇದ್ದವರು ದಯವಿಟ್ಟು ಹೇಳಿ.