ನವೋದಯ ಸೇರುವ ಕನ್ನಡ ಮಾಧ್ಯಮದ ಮಕ್ಕಳಿಗೆ ಒಂಬತ್ತನೇ ತರಗತಿ ಕಷ್ಟವಾಗುವುದೇ?

ಪ್ರಶ್ನೆ (ಪೋಷಕರು, ಬಾಗೇಪಲ್ಲಿ ತಾಲ್ಲೂಕು):
ನಮ್ಮ ಮಗಳು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿ ಓದುತ್ತಿದ್ದಾಳೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಪಠ್ಯಪುಸ್ತಕಕ್ಕಷ್ಟೇ ಸೀಮಿತ. ಕೇಂದ್ರ ಸರ್ಕಾರದ ವಸತಿ ಶಾಲೆಯಾದ ಜವಾಹರ್ ನವೋದಯ ವಿದ್ಯಾಲಯದ ಆರನೇ ತರಗತಿಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದೆಂದು ತಿಳಿದಿದೆ. ಆದರೆ ಸೇರಿದ ಮೇಲೆ ಸಿಬಿಎಸ್‌ಇ ಪಠ್ಯಕ್ರಮ, ಇಂಗ್ಲಿಷ್, ಜೊತೆಗೆ ಹಿಂದಿ ಎಲ್ಲವನ್ನೂ ಅವಳು ನಿಭಾಯಿಸಬಲ್ಲಳೇ, ಅಥವಾ ರಾಜ್ಯ ಪಠ್ಯಕ್ರಮವಿರುವ ಮೊರಾರ್ಜಿ ದೇಸಾಯಿ ವಸತಿ ಶಾಲೆಯೇ ವಾಸಿಯೇ? ಮೂರನೇ ತರಗತಿಯಲ್ಲಿ ಕೆಲವು ತಿಂಗಳು ಅವಳು ಚಿಕ್ಕಬಳ್ಳಾಪುರ ನಗರದ ಶಾಲೆಯಲ್ಲಿದ್ದಳು. ಅದರಿಂದ ತೊಂದರೆಯಿದೆಯೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ 1 (ನವೋದಯದ ಹಳೆಯ ವಿದ್ಯಾರ್ಥಿ, ಕೋಲಾರ ಜಿಲ್ಲೆ):
ಸರ್, ಆರನೇ ತರಗತಿಗೇ ಎಲ್ಲವೂ ಇಂಗ್ಲಿಷ್ ಆಗಿಬಿಡುವುದಿಲ್ಲ. ಏಳು ಅಥವಾ ಎಂಟರವರೆಗೆ ಪ್ರಾದೇಶಿಕ ಭಾಷೆಯಲ್ಲಿ ಬೋಧಿಸಿ, ಅನಂತರ ಗಣಿತ, ವಿಜ್ಞಾನಗಳನ್ನು ಇಂಗ್ಲಿಷಿಗೆ ಹೊರಳಿಸುವುದು ನವೋದಯದ ಮೂಲ ಯೋಜನೆ. ಆದರೂ ಆ ಹೊರಳುವಿಕೆ ಸುಲಭವೆಂದು ನಾನು ಹೇಳಲಾರೆ. ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕದ ಸಾಲುಗಳ ನಡುವೆ ನಾವು ಪೆನ್ಸಿಲಿನಲ್ಲಿ ಕನ್ನಡ ಅರ್ಥ ಬರೆದುಕೊಳ್ಳುತ್ತಿದ್ದೆವು. ಸಂಜೆಯ ಕಡ್ಡಾಯ ಅಧ್ಯಯನದ ವೇಳೆಯಲ್ಲಿ ಅಧ್ಯಾಪಕರೇ ಮೇಲ್ವಿಚಾರಣೆಗೆ ಇರುತ್ತಿದ್ದುದರಿಂದ, ಅರ್ಥವಾಗದ ವಾಕ್ಯವನ್ನು ಆಗಲೇ ಕೇಳಲು ಸಾಧ್ಯವಾಗುತ್ತಿತ್ತು. ಟ್ಯೂಷನ್ನಿಗೆ ಕಳುಹಿಸಲಾಗದ ಮನೆಗಳ ಮಕ್ಕಳಿಗೆ ಇದೇ ದೊಡ್ಡ ಆಸರೆ. ಇನ್ನು, ಒಂಬತ್ತನೇ ತರಗತಿಯ ಶೇ. 30ರಷ್ಟು ವಿದ್ಯಾರ್ಥಿಗಳನ್ನು ಒಂದು ವರ್ಷದ ಮಟ್ಟಿಗೆ ಹಿಂದಿ ಪ್ರದೇಶದ ನವೋದಯಕ್ಕೆ ಕಳುಹಿಸಿ, ಅಲ್ಲಿಯವರನ್ನು ಇಲ್ಲಿಗೆ ಕರೆಸುವ ಪದ್ಧತಿಯಿದೆ. ಪೋಷಕರು ಹೆಚ್ಚು ಹೆದರುವುದು ಇದಕ್ಕೇ. ಎರಡು ಭಾಷೆಗಳ ನಡುವೆ ಬೆಳೆದಿರುವ ತಮ್ಮ ಮಗಳಿಗೆ ಮೂರನೆಯದು ಅಷ್ಟು ಭಾರವಾಗದೆಂದು ನನ್ನ ಅನಿಸಿಕೆ.

ಉತ್ತರ 2 (ತಾಯಿ, ಶಿರಾ):
ನನ್ನ ಮಗ ಮೊರಾರ್ಜಿ ಶಾಲೆಯಲ್ಲಿದ್ದಾನೆ. ಎಸ್‌ಎಸ್‌ಎಲ್‌ಸಿ ಪಠ್ಯ ನಮಗೂ ಪರಿಚಿತವಾದ್ದರಿಂದ ರಜೆಗೆ ಬಂದಾಗ ಅಕ್ಕನೇ ಅವನಿಗೆ ಪಾಠ ಹೇಳಿಕೊಡುತ್ತಾಳೆ. ಮಗು ಮನೆ ಬಿಟ್ಟಿರಲು ಅಳುಕುವ ಸ್ವಭಾವದ್ದಾದರೆ, ಪಠ್ಯಕ್ರಮಕ್ಕಿಂತ ಮೊದಲು ಅದನ್ನು ಯೋಚಿಸಿ. ಎರಡೂ ಪ್ರವೇಶ ಪರೀಕ್ಷೆ ಬರೆಸಿದರೆ ನಷ್ಟವೇನಿಲ್ಲ.

ಉತ್ತರ 3 (ಪ್ರಾಥಮಿಕ ಶಾಲಾ ಶಿಕ್ಷಕರು, ಗೌರಿಬಿದನೂರು):
ತಾವು ಕೊನೆಯಲ್ಲಿ ಕೇಳಿದ ವಿಷಯವನ್ನು ಯಾರೂ ಗಮನಿಸಲಿಲ್ಲ. ಅರ್ಜಿ ಹಾಕುವಾಗ ಮುಖ್ಯವಾಗುವುದು ಅದೇ. ನವೋದಯದ ಕನಿಷ್ಠ ಶೇ. 75ರಷ್ಟು ಸೀಟುಗಳು ಗ್ರಾಮೀಣ ಅಭ್ಯರ್ಥಿಗಳಿಗೆ ಮೀಸಲು. ಆದರೆ ಮೂರು, ನಾಲ್ಕು, ಐದನೇ ತರಗತಿಗಳಲ್ಲಿ ಒಂದು ದಿನ ನಗರದ ಶಾಲೆಯಲ್ಲಿ ಓದಿದ್ದರೂ ಮಗುವನ್ನು ನಗರ ಅಭ್ಯರ್ಥಿಯೆಂದೇ ಪರಿಗಣಿಸುತ್ತಾರೆ. ಹಾಗಾಗಿ ತಮ್ಮ ಮಗಳಿಗೆ ಗ್ರಾಮೀಣ ಮೀಸಲಾತಿ ದೊರೆಯದು, ಉಳಿದ ಸೀಟುಗಳಿಗೆ ಪೈಪೋಟಿ ಹೆಚ್ಚು. ಮೂರನೇ ಒಂದು ಭಾಗ ಸೀಟುಗಳನ್ನು ಹೆಣ್ಣುಮಕ್ಕಳಿಗೆ ಕೊಡುವುದರಿಂದ ಅವಕಾಶವೇ ಇಲ್ಲವೆಂದಲ್ಲ.

ಪರೀಕ್ಷೆಯ 100 ಅಂಕಗಳಲ್ಲಿ 50 ಮಾನಸಿಕ ಸಾಮರ್ಥ್ಯಕ್ಕೆ, ಅಂದರೆ ಗುಂಪಿಗೆ ಸೇರದ ಚಿತ್ರ, ಕನ್ನಡಿಯ ಪ್ರತಿಬಿಂಬ ಇಂಥ ಪ್ರಶ್ನೆಗಳಿಗೆ. ಇವು ನಮ್ಮ ಪಠ್ಯಪುಸ್ತಕಗಳಲ್ಲಿ ಸಿಗುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳಿಂದಲೇ ಅಭ್ಯಾಸ ಮಾಡಿಸಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವುದನ್ನೂ ಖಾಲಿ ಬಿಡಬಾರದೆಂದು ಹೇಳಿಕೊಡಿ. ಎರಡನೇ ಬಾರಿ ಬರೆಯಲು ಅವಕಾಶವಿಲ್ಲ. ವ್ಯಾಸಂಗ ಪ್ರಮಾಣಪತ್ರದಲ್ಲಿ ನಗರದ ಶಾಲೆಯ ಅವಧಿಯನ್ನು ಮರೆಮಾಚದೆ ಬರೆಸಿ. ದಾಖಲೆ ಪರಿಶೀಲನೆಯ ವೇಳೆ ಅದು ಹೊರಬಿದ್ದರೆ ಆಯ್ಕೆಯೇ ರದ್ದಾಗಬಹುದು.